ಹಳೆಯ ಆಟಗಳಲ್ಲಿ ಇವತ್ತು ಯಾವುದನ್ನು ಆಡೋಣ?

(ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ.

2023ರಲ್ಲಿ ಬಾಲ್ಡರ್ಸ್ ಗೇಟ್ 3 ಅನ್ನುವ ಕಂಪ್ಯೂಟರ್ ಆಟ ಬಂದ ಮೇಲೆ ಒಂದು ಪ್ರಶ್ನೆ ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ. ‘ಇದೇ ಇಷ್ಟು ಚೆನ್ನಾಗಿದೆಯಲ್ಲ, ಇದಕ್ಕಿಂತ ಹಿಂದಿನವು ಹೇಗಿದ್ದವು? ಎಲ್ಲಿಂದ ಶುರು ಮಾಡಲಿ?’ ಸ್ಟ್ರಾಟೆಜಿ ಆಟ, ಅಂದರೆ ಸೈನ್ಯವನ್ನೋ ಸಾಮ್ರಾಜ್ಯವನ್ನೋ ಯೋಚಿಸಿ ನಡೆಸುವ ಆಟ, ಆಡುವವರೂ ಇದನ್ನೇ ಕೇಳುತ್ತಾರೆ. ಅವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದು ಪಟ್ಟಿ. ಸಾರ್ವಕಾಲಿಕ ಶ್ರೇಷ್ಠ ನೂರು ಆಟಗಳು, ಆ ಥರದ್ದು. ಪಟ್ಟಿಯ ಮೇಲಿನ ಆಟವನ್ನು ಇಳಿಸಿಕೊಳ್ಳುತ್ತಾರೆ, ಅರ್ಧ ಗಂಟೆ ಒದ್ದಾಡುತ್ತಾರೆ, ‘ಇದೆಲ್ಲ ನಮಗಲ್ಲ’ ಅಂತ ಮುಚ್ಚಿಬಿಡುತ್ತಾರೆ. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ. ಆಟವೂ ಒಳ್ಳೆಯದೇ, ಆಡಿದವರಿಗೂ ಆಸಕ್ತಿ ಇತ್ತು. ಇಬ್ಬರಿಗೂ ಹೊಂದಿಕೆಯಾಗಲಿಲ್ಲ ಅಷ್ಟೇ.

ಆ ಪಟ್ಟಿಗಳ ತೊಂದರೆ ಏನೆಂದರೆ, ಚರಿತ್ರೆಯಲ್ಲಿ ಮುಖ್ಯವಾದ ಆಟವನ್ನೂ ಇವತ್ತು ಕೂತು ಆಡಲು ಚೆನ್ನಾಗಿರುವ ಆಟವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತವೆ. ಕೆಲವು ಆಟಗಳು ಎರಡೂ ಹೌದು. ಹಲವು ಅಲ್ಲ.

1992ರ ಡ್ಯೂನ್ 2 ತೆಗೆದುಕೊಳ್ಳಿ. ವೆಸ್ಟ್‌ವುಡ್ ಸ್ಟುಡಿಯೋಸ್ ಮಾಡಿದ್ದು. ನೆಲೆ ಕಟ್ಟು, ಸಂಪತ್ತು ಅಗೆದು ತಾ, ಸೈನ್ಯ ಮಾಡು, ಎದುರಾಳಿಯ ನೆಲೆ ಒಡೆ. ರಿಯಲ್‌ಟೈಮ್ ಸ್ಟ್ರಾಟೆಜಿಯ, ಅಂದರೆ ಸರದಿ ಇಲ್ಲದೆ ಎಲ್ಲರೂ ಒಟ್ಟಿಗೇ ಆಡುವ ಸ್ಟ್ರಾಟೆಜಿಯ, ಅಚ್ಚು ಬಿದ್ದದ್ದೇ ಅಲ್ಲಿ. ಆದರೆ ಅದರಲ್ಲಿ ಒಂದು ಸಲಕ್ಕೆ ಒಂದೇ ಯೂನಿಟ್, ಅಂದರೆ ಒಂದು ಟ್ಯಾಂಕ್ ಅಥವಾ ಒಂದು ಸೈನಿಕ ತುಕಡಿ, ಆರಿಸಬಹುದು. ಹತ್ತು ಟ್ಯಾಂಕ್ ಕಳಿಸಬೇಕಾ? ಮೊದಲ ಟ್ಯಾಂಕ್ ಒತ್ತಿ, ‘ಚಲಿಸು’ ಬಟನ್ ಒತ್ತಿ, ಹೋಗಬೇಕಾದ ಜಾಗ ಒತ್ತಿ. ಇದನ್ನೇ ಹತ್ತು ಸಲ ಮಾಡಿ. ಅದೇ ಕಂಪನಿ 1995ರಲ್ಲಿ ಕಮಾಂಡ್ ಅಂಡ್ ಕಾಂಕರ್ ತಂದಾಗ ಈ ಕಷ್ಟ ಹೋಯಿತು. 2020ರಲ್ಲಿ ಅದರ ರಿಮಾಸ್ಟರ್, ಅಂದರೆ ಹೊಸದಾಗಿ ತಿದ್ದಿದ ರೂಪ, ಕೂಡ ಬಂತು. ಹಾಗಿರುವಾಗ ಡ್ಯೂನ್ 2ಕ್ಕೆ ಗೌರವ ಕೊಡೋಣ, ಯಾರಾದರೂ ಆಡಿದ ವಿಡಿಯೋ ನೋಡೋಣ. ಆಡಲೇಬೇಕು ಅಂತ ನಾನು ಯಾರಿಗೂ ಹೇಳುವುದಿಲ್ಲ.

ಹಾಗಾದರೆ ಆರಿಸುವುದು ಹೇಗೆ? ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ಈ ಆಟ ಕೊಡುವುದನ್ನು ಆಮೇಲೆ ಬಂದ ಇನ್ನೊಂದು ಆಟ ಇದಕ್ಕಿಂತ ಚೆನ್ನಾಗಿ ಕೊಟ್ಟಿದೆಯಾ? ಕೊಟ್ಟಿದ್ದರೆ ಆ ಇನ್ನೊಂದನ್ನೇ ಆಡಿ. ಕೊಟ್ಟಿಲ್ಲ ಅಂದರೆ, ಆಟ ಎಷ್ಟೇ ಹಳೆಯದಿರಲಿ, ಅದರ ಬಳಿಗೇ ಹೋಗಬೇಕು. ಬೇರೆ ದಾರಿ ಇಲ್ಲ. ಇವತ್ತು ನಾನು ಹೆಸರಿಸುವ ಆಟಗಳನ್ನೆಲ್ಲ ಈ ಪ್ರಶ್ನೆಯಿಂದಲೇ ಸೋಸಿದ್ದೇನೆ.

ಇದರ ಜೊತೆಗೆ ಇನ್ನೊಂದು ಮಾತು. ಹಳೆಯ ಆಟ ಕಷ್ಟ ಅನ್ನುತ್ತಾರಲ್ಲ, ಆ ಕಷ್ಟದಲ್ಲಿ ಎರಡು ಬಗೆ ಇದೆ. ಒಂದು ಕೈಗೆ ಕಷ್ಟ. ಪರದೆ ಚಿಕ್ಕದು, ಬಟನ್ ಎಲ್ಲಿದೆ ಗೊತ್ತಾಗುವುದಿಲ್ಲ, ಒಂದು ಕೆಲಸಕ್ಕೆ ಐದು ಕ್ಲಿಕ್ ಬೇಕು. ಇನ್ನೊಂದು ತಲೆಗೆ ಕಷ್ಟ. ಯೋಚಿಸಬೇಕು, ನೆನಪಿಡಬೇಕು, ಸೋಲಬೇಕು. ಕೈಯ ಕಷ್ಟಕ್ಕೆ ಇವತ್ತು ಔಷಧ ಇದೆ. ಅಭಿಮಾನಿಗಳು ವರ್ಷಗಟ್ಟಲೆ ಕೂತು ಹಳೆಯ ಆಟಗಳಿಗೆ ಹೊಸ ಎಂಜಿನ್, ಅಂದರೆ ಆಟವನ್ನು ಓಡಿಸುವ ತಂತ್ರಾಂಶ, ಬರೆದಿದ್ದಾರೆ. ಅಲ್ಟಿಮಾ 7ಕ್ಕೆ ಎಕ್ಸಲ್ಟ್, ಮಾರೋವಿಂಡ್‌ಗೆ ಓಪನ್‌ಎಂಡಬ್ಲ್ಯೂ, ಎಕ್ಸ್-ಕಾಮ್‌ಗೆ ಓಪನ್‌ಎಕ್ಸ್‌ಕಾಮ್. ತಲೆಯ ಕಷ್ಟವನ್ನು ಮಾತ್ರ ಯಾರೂ ತೆಗೆಯಬಾರದು. ಅದನ್ನು ತೆಗೆದರೆ ಆಟವೇ ಉಳಿಯುವುದಿಲ್ಲ.

ಎಕ್ಸ್-ಕಾಮ್ ಹೆಸರು ಬಂತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಇವತ್ತಿನ ನನ್ನ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

1994ರ ಆಟ. ಜೂಲಿಯನ್ ಗಾಲಪ್ ಮತ್ತು ಅವರ ಪುಟ್ಟ ತಂಡ ಮಾಡಿದ್ದು. ಯುರೋಪಿನಲ್ಲಿ ಯುಎಫ್‌ಒ: ಎನಿಮಿ ಅನ್‌ನೋನ್ ಅಂತ ಹೆಸರು. ಬೇರೆ ಗ್ರಹದವರು ಭೂಮಿಗೆ ಬರುತ್ತಿದ್ದಾರೆ, ನೀವು ತಡೆಯಬೇಕು. ತಿರುಗುವ ಭೂಗೋಳದ ಮೇಲೆ ನೆಲೆ ಕಟ್ಟುತ್ತೀರಿ, ವಿಜ್ಞಾನಿಗಳಿಗೆ ಕೆಲಸ ಹಚ್ಚುತ್ತೀರಿ, ದೇಶಗಳು ಕೊಡುವ ದುಡ್ಡಿನಲ್ಲಿ ಸಂಸ್ಥೆ ನಡೆಸುತ್ತೀರಿ. ತಿಂಗಳ ಕೊನೆಗೆ ವರದಿ ಬರುತ್ತದೆ. ನಿಮ್ಮ ಕೆಲಸ ಸರಿ ಇಲ್ಲದಿದ್ದರೆ ದೇಶಗಳು ದುಡ್ಡು ಕಡಿಮೆ ಮಾಡುತ್ತವೆ. ಕೆಲವು ಶತ್ರುವಿನ ಜೊತೆಗೇ ಕೈಜೋಡಿಸಿ ಹೊರಟುಹೋಗುತ್ತವೆ.

ಇದು ಅರ್ಧ ಆಟ. ಉಳಿದರ್ಧ ನೆಲದ ಮೇಲೆ. ಕೆಳಗೆ ಬಿದ್ದ ಹಾರುವ ತಟ್ಟೆಯ ಹತ್ತಿರ ನಿಮ್ಮ ವಿಮಾನ ಇಳಿಯುತ್ತದೆ. ರಾತ್ರಿ. ಸೈನಿಕರು ವಿಮಾನದೊಳಗೆ ಸಾಲಾಗಿ ನಿಂತಿದ್ದಾರೆ. ಪ್ರತಿಯೊಬ್ಬನಿಗೂ ಆ ಸರದಿಗೆ ಇಷ್ಟು ಅಂತ ಸಮಯದ ಅಂಕ ಇರುತ್ತದೆ. ಒಂದು ಹೆಜ್ಜೆಗೆ ಇಷ್ಟು, ತಿರುಗಲು ಇಷ್ಟು, ಮೊಣಕಾಲೂರಲು ಇಷ್ಟು, ಗುಂಡು ಹಾರಿಸಲು ಇಷ್ಟು. ಮೊದಲನೆಯವನನ್ನು ಇಳಿಜಾರಿನ ಮೇಲೆ ಕೆಳಗೆ ನಡೆಸುತ್ತೀರಿ. ಅವನ ಸುತ್ತ ನಾಲ್ಕಾರು ಚೌಕ ಮಾತ್ರ ಕಾಣುತ್ತದೆ, ಆಚೆಗೆಲ್ಲ ಕತ್ತಲು. ಇನ್ನೆರಡು ಹೆಜ್ಜೆ ಹೋದರೆ ಆ ಬೇಲಿಯ ಮರೆ ಸಿಗುತ್ತದೆ. ಆದರೆ ಹೋದರೆ ಗುಂಡು ಹಾರಿಸಲು ಅಂಕ ಉಳಿಯುವುದಿಲ್ಲ. ಹೋಗುತ್ತೀರಿ. ಕತ್ತಲೊಳಗಿಂದ ಒಂದು ಹಸಿರು ಬೆಳಕು ಬರುತ್ತದೆ. ಅಷ್ಟೇ, ಅವನು ಹೋದ. ಹೊಡೆದವನು ಎಲ್ಲಿದ್ದ ಅಂತಲೂ ಕಾಣಲಿಲ್ಲ. ಈಗ ಎರಡನೆಯವನ ಸರದಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಸರದಿಯಲ್ಲಿ ಶತ್ರು ಗುಂಡು ಹಾರಿಸಿದ್ದು ಹೇಗೆ? ಅವನು ತನ್ನ ಸರದಿಯಲ್ಲಿ ಅಂಕ ಉಳಿಸಿಕೊಂಡಿದ್ದ. ಇದೇ ನಿಯಮ ನಿಮಗೂ ಇದೆ. ಇದು ಅರ್ಥವಾದ ದಿನ ಆಟ ಬೇರೆಯೇ ಆಗುತ್ತದೆ. ಓಡುವುದನ್ನು ಬಿಡುತ್ತೀರಿ. ಇಬ್ಬರನ್ನು ಮುಂದೆ ಬಿಟ್ಟು, ನಾಲ್ವರನ್ನು ಹಿಂದೆ ಮೊಣಕಾಲೂರಿಸಿ ಅಂಕ ಉಳಿಸಿ ಕೂರಿಸುತ್ತೀರಿ. ಮೊದಲು ಬೆಳಕಿನ ಕಡ್ಡಿ ಎಸೆದು, ಆಮೇಲೆ ಹೆಜ್ಜೆ ಇಡುತ್ತೀರಿ. ಯಾರೂ ಹೇಳಿಕೊಡದೆ ಇದನ್ನೆಲ್ಲ ನೀವೇ ಕಲಿತಿರುತ್ತೀರಿ.

2012ರಲ್ಲಿ ಫೈರಾಕ್ಸಿಸ್ ಕಂಪನಿ ಇದರ ಹೊಸ ರೂಪ ತಂದಿತು. ಒಳ್ಳೆಯ ಆಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಳೆಯದರ ಜಾಗ ತುಂಬುವುದಿಲ್ಲ. ಅದರಲ್ಲಿ ಹೆಚ್ಚೆಂದರೆ ಆರು ಸೈನಿಕರು, ಒಬ್ಬೊಬ್ಬರಿಗೆ ಸರದಿಗೆ ಎರಡು ಕೆಲಸ, ಒಂದೇ ನೆಲೆ. ಆರರಲ್ಲಿ ಒಬ್ಬ ಸತ್ತರೆ ಕೈ ಮುರಿದ ಹಾಗೆ. ಹಳೆಯದರಲ್ಲಿ ವಿಮಾನ ತುಂಬ 14 ಜನ, ಎಂಟು ನೆಲೆಗಳವರೆಗೆ ಕಟ್ಟಬಹುದು. ಜನ ಸಾಯುತ್ತಾರೆ, ಹೊಸಬರು ಬರುತ್ತಾರೆ. ನಾಲ್ಕು ಕಾರ್ಯಾಚರಣೆ ಬದುಕಿ ಬಂದವನ ಹೆಸರು ತಾನಾಗಿಯೇ ನೆನಪಿರುತ್ತದೆ. ಇವು ಬೇರೆ ಬೇರೆ ಅನುಭವ. ಎರಡನ್ನೂ ಆಡಿ. ಹಳೆಯದನ್ನು ಓಪನ್‌ಎಕ್ಸ್‌ಕಾಮ್ ಮೂಲಕವೇ ಆಡಿ. ಅದಕ್ಕೆ ಮೂಲ ಆಟದ ಕಡತಗಳು ಬೇಕು, ಮೂಲ ಆಟ ಈಗಲೂ ಮಾರಾಟಕ್ಕಿದೆ.

ಒಂದು ಎಚ್ಚರಿಕೆ. ಇದರ ಮುಂದಿನ ಭಾಗ ಟೆರರ್ ಫ್ರಮ್ ದಿ ಡೀಪ್ 1995ರಲ್ಲಿ ಬಂತು. ಅದರಿಂದ ಶುರು ಮಾಡಬೇಡಿ. ಮೊದಲ ಆಟದ ಡಾಸ್ ಆವೃತ್ತಿಯಲ್ಲಿ (ಡಾಸ್ ಅಂದರೆ ಆಗಿನ ಪಿಸಿಗಳನ್ನು ನಡೆಸುತ್ತಿದ್ದ ವ್ಯವಸ್ಥೆ) ಒಂದು ದೋಷ ಇತ್ತು. ನೀವು ಎಷ್ಟೇ ಕಠಿಣ ಹಂತ ಆರಿಸಿದರೂ ಆಟ ಸದ್ದಿಲ್ಲದೆ ಸುಲಭದ ಹಂತಕ್ಕೆ ಮರಳಿಬಿಡುತ್ತಿತ್ತು. ದೋಷ ಇದೆ ಅಂತ ಯಾರಿಗೂ ತಿಳಿದಿರಲಿಲ್ಲ. ‘ಆಟ ತೀರಾ ಸುಲಭ’ ಅಂತ ದೂರು ಬಂತು. ಆ ದೂರು ಕೇಳಿ ಎರಡನೆಯದನ್ನು ವಿಪರೀತ ಕಷ್ಟ ಮಾಡಿದರು. ಒಂದು ಸಣ್ಣ ದೋಷದಿಂದಾಗಿ ಇಡೀ ಒಂದು ಆಟವೇ ಅಳತೆ ಮೀರಿತು.

ಸ್ಟ್ರಾಟೆಜಿಯಲ್ಲೇ ಇನ್ನೊಂದು ಆಟ, 1993ರ ಮಾಸ್ಟರ್ ಆಫ್ ಓರಿಯನ್. ನಕ್ಷತ್ರಗಳ ನಡುವೆ ಸಾಮ್ರಾಜ್ಯ ಕಟ್ಟುವ ಆಟಗಳು ಇವತ್ತು ಬೇಕಾದಷ್ಟಿವೆ. ಅವುಗಳಲ್ಲಿ ಬಹುಪಾಲಿಗೆ ಒಂದೇ ರೋಗ. ಮೊದಲ ಎರಡು ಗಂಟೆ ಸೊಗಸು. ಆಮೇಲೆ ನಲವತ್ತು ಗ್ರಹ ಆಗುತ್ತದೆ. ಪ್ರತಿ ಗ್ರಹಕ್ಕೂ ಹೋಗಿ ಏನು ಕಟ್ಟಬೇಕು ಅಂತ ಹೇಳಬೇಕು. ಗೆದ್ದಾಗಿದೆ ಅಂತ ಗೊತ್ತು, ಆದರೂ ಇನ್ನೂ ಮೂರು ಗಂಟೆ ಗುಮಾಸ್ತನ ಕೆಲಸ ಮಾಡಬೇಕು. ಮಾಸ್ಟರ್ ಆಫ್ ಓರಿಯನ್‌ನಲ್ಲಿ ಒಂದು ಗ್ರಹಕ್ಕೆ ಐದು ಪಟ್ಟಿ ಮಾತ್ರ. ಹಡಗು, ರಕ್ಷಣೆ, ಕಾರ್ಖಾನೆ, ಪರಿಸರ, ಸಂಶೋಧನೆ. ಗ್ರಹದ ದುಡಿಮೆಯಲ್ಲಿ ಯಾವುದಕ್ಕೆ ಎಷ್ಟು ಅಂತ ಎಳೆದು ಬಿಡಿ. ಮುಗಿಯಿತು. ಜೊತೆಗೆ, ಪ್ರತಿ ಹೊಸ ಆಟದಲ್ಲೂ ಸಂಶೋಧನೆಯ ಮರದಿಂದ ಕೆಲವು ಕೊಂಬೆಗಳು ಮಾಯವಾಗಿರುತ್ತವೆ. ಹೋದ ಸಲ ನಂಬಿಕೊಂಡಿದ್ದ ಆಯುಧ ಈ ಸಲ ನಿಮಗೆ ಸಿಗದೇ ಹೋಗಬಹುದು. ಆಗ ನೆರೆಯವರಿಂದ ಕದಿಯಬೇಕು, ಇಲ್ಲವೇ ವಿನಿಮಯ ಮಾಡಿಕೊಳ್ಳಬೇಕು. ಹಾಗಾಗಿ ಬಾಯಿಪಾಠ ಮಾಡಿ ಗೆಲ್ಲಲು ಆಗುವುದಿಲ್ಲ. ಇಂಥ ಹಗುರವಾದ, ಚುರುಕಾದ ಆಟವನ್ನು ಆಮೇಲೆ ಬಂದವರು ಯಾಕೋ ಮಾಡಲೇ ಇಲ್ಲ. 1996ರ ಎರಡನೇ ಭಾಗಕ್ಕೇ ಜನಪ್ರೀತಿ ಜಾಸ್ತಿ, ಆದರೆ ನನ್ನ ಮತ ಮೊದಲನೆಯದಕ್ಕೆ. ಹಳೆಯ ಪರದೆ ಕಣ್ಣಿಗೆ ಕಷ್ಟ ಅನಿಸಿದರೆ ರೆಮ್ನಂಟ್ಸ್ ಆಫ್ ದಿ ಪ್ರಿಕರ್ಸರ್ಸ್ ಅಂತ ಅಭಿಮಾನಿಗಳು ಮಾಡಿದ ಉಚಿತ ಮರುರೂಪ ಇದೆ. ಆತ್ಮ ಅದೇ, ಬಟ್ಟೆ ಹೊಸದು.

ಒಂದು ನಾಗರಿಕತೆಯನ್ನೇ ಬೆಳೆಸುವ ಸಿವಿಲೈಸೇಷನ್ ಸರಣಿಯ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಸಿಡ್ ಮಯರ್ ಅವರ 1991ರ ಮೊದಲ ಆಟಕ್ಕೆ ನನ್ನ ಪ್ರಶ್ನೆಯ ಉತ್ತರ ಸ್ಪಷ್ಟ. ಅದು ಕೊಟ್ಟದ್ದನ್ನು ಅದರ ಮಕ್ಕಳು ಮೊಮ್ಮಕ್ಕಳು ಚೆನ್ನಾಗಿಯೇ ಕೊಟ್ಟಿದ್ದಾರೆ. ಸರಣಿಯಲ್ಲಿ ಹಳೆಯದೊಂದು ಆಡಬೇಕು ಅಂದರೆ 2005ರ ನಾಲ್ಕನೆಯದು. ಒಂದೇ ಚೌಕದಲ್ಲಿ ಇಡೀ ಸೈನ್ಯ ಜೋಡಿಸುವ ಹಳೆಯ ಕ್ರಮದ ಕಡೆಯ ಆಟ ಅದು. 2010ರ ಐದನೆಯದರಿಂದ ಒಂದು ಜಾಗಕ್ಕೆ ಸೈನ್ಯದ ಒಂದೇ ಯೂನಿಟ್ ಅನ್ನುವ ನಿಯಮ ಬಂತು. ನಾಲ್ಕನೆಯದನ್ನು ತೆರೆದಾಗ ಬರುವ ‘ಬಾಬಾ ಯೇಟು’ ಹಾಡು 2011ರಲ್ಲಿ ಗ್ರ್ಯಾಮಿ ಗೆದ್ದಿತು. ಆಟಕ್ಕಾಗಿ ಮಾಡಿದ ಸಂಗೀತಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು.

ಆದರೆ ಅದೇ ಮನೆತನದ ಆಲ್ಫಾ ಸೆಂಟಾರಿಯನ್ನು ಬಿಡಬೇಡಿ. 1999ರದ್ದು, ಬ್ರಯನ್ ರೆನಾಲ್ಡ್ಸ್ ಮುಂದಾಳತ್ವ. ಭೂಮಿ ಬಿಟ್ಟು ಹೊರಟ ಹಡಗಿನ ಜನ ದಾರಿಯಲ್ಲೇ ಏಳು ಬಣವಾಗಿ ಒಡೆಯುತ್ತಾರೆ. ಒಡೆದದ್ದು ದೇಶದ ಹೆಸರಲ್ಲಿ ಅಲ್ಲ, ನಂಬಿಕೆಗಳ ಹೆಸರಲ್ಲಿ. ಒಬ್ಬರಿಗೆ ವಿಜ್ಞಾನವೇ ಎಲ್ಲ, ಒಬ್ಬರಿಗೆ ಮಾರುಕಟ್ಟೆ, ಒಬ್ಬರಿಗೆ ದೇವರು, ಒಬ್ಬರಿಗೆ ಆಯುಧ. ವಿಶ್ವಸಂಸ್ಥೆಯ ಆದರ್ಶ ಹಿಡಿದ ಬಣದ ನಾಯಕನ ಹೆಸರು ಪ್ರವೀಣ್ ಲಾಲ್. ಹೊಸ ತಂತ್ರಜ್ಞಾನ ಕಂಡುಹಿಡಿದಾಗ ಹೆಚ್ಚಿನ ಸಲ ಈ ನಾಯಕರಲ್ಲಿ ಒಬ್ಬರ ಬರಹದ ತುಣುಕು ಕೇಳಿಸುತ್ತದೆ. ಕೇಳುತ್ತ ಕೇಳುತ್ತ ಅವರೆಲ್ಲ ನಿಜವಾದ ಮನುಷ್ಯರಾಗುತ್ತಾರೆ. ನೀವು ಇಳಿದ ಗ್ರಹಕ್ಕೂ ಒಂದು ಜೀವ ಇದೆ, ಅದಕ್ಕೂ ಸಿಟ್ಟು ಬರುತ್ತದೆ. ಸ್ಟ್ರಾಟೆಜಿ ಆಟವೊಂದು ಕಾದಂಬರಿಯ ಹಾಗೆ ಮನಸ್ಸಲ್ಲಿ ಉಳಿಯಬಹುದು ಅಂತ ತೋರಿಸಿದ್ದು ಇದು. ಇದರ ಜಾಗ ಇನ್ನೂ ಖಾಲಿಯೇ ಇದೆ.

ಈಗ ರೋಲ್ ಪ್ಲೇಯಿಂಗ್ ಆಟಗಳಿಗೆ, ಅಂದರೆ ನಾವೇ ಒಂದು ಪಾತ್ರವಾಗಿ ಕಥೆಯೊಳಗೆ ತಿರುಗುವ ಆಟಗಳಿಗೆ ಬರೋಣ. ಇಲ್ಲಿ ಆಯ್ಕೆ ಇನ್ನೂ ಸೂಕ್ಷ್ಮ. ಆಟ ಉದ್ದ, ಓದುವುದು ಜಾಸ್ತಿ, ಕೂಡಲೇ ಖುಷಿ ಕೊಡುವುದಿಲ್ಲ.

ಮೊದಲು ಯಾವುದು ಅಂದರೆ, 1997ರ ಫಾಲ್‌ಔಟ್. ನಿಸ್ಸಂಶಯವಾಗಿ. ಯಾಕೆಂದರೆ ಅದು ಚಿಕ್ಕದು. ಆ ಕಾಲದ ಬೇರೆ ಆಟಗಳಿಗೆ ಹೋಲಿಸಿದರೆ ಕೆಲವೇ ಸಂಜೆಗಳಲ್ಲಿ ಮುಗಿಯುತ್ತದೆ. ಅಣುಯುದ್ಧ ಆಗಿಹೋಗಿದೆ, ಜನ ನೆಲಮಾಳಿಗೆಯಲ್ಲಿ ಬದುಕಿದ್ದಾರೆ. ಅಲ್ಲಿನ ನೀರು ಶುದ್ಧ ಮಾಡುವ ಯಂತ್ರದ ಒಂದು ಚಿಪ್ ಕೆಟ್ಟಿದೆ. ಹೊಸದನ್ನು ತರಲು ನಿಮ್ಮನ್ನು ಹೊರಗೆ ಕಳಿಸುತ್ತಾರೆ. 150 ದಿನದ ಗಡುವು. ಎಷ್ಟು ಸರಳ ಕಾರಣ ನೋಡಿ. ಜಗತ್ತು ಉಳಿಸಬೇಕಾಗಿಲ್ಲ, ನೀರು ತರಬೇಕು. ನಿಮ್ಮ ಪಾತ್ರದ ಬುದ್ಧಿಯ ಅಂಕವನ್ನು ತೀರಾ ಕೆಳಗಿಟ್ಟರೆ ಇಡೀ ಆಟದಲ್ಲಿ ಅವನಿಗೆ ಸರಿಯಾಗಿ ಮಾತೇ ಬರುವುದಿಲ್ಲ. ಎದುರಿನವರು ಅವನನ್ನು ಬೇರೆ ಥರ ನಡೆಸಿಕೊಳ್ಳುತ್ತಾರೆ. ಅದೇ ಮಾತಿನ ಕಲೆಗೆ ಅಂಕ ಹಾಕಿದ್ದರೆ ಕೊನೆಯ ಎದುರಾಳಿಯನ್ನು ಒಂದೂ ಗುಂಡು ಹಾರಿಸದೆ ಸೋಲಿಸಬಹುದು. ಹೇಗೆ ಅಂತ ನಾನು ಹೇಳುವುದಿಲ್ಲ. ಅದಕ್ಕೆ ನೀವೇ ಊರೂರು ತಿರುಗಿ ಒಂದು ಸತ್ಯ ಹುಡುಕಬೇಕು. ಎರಡನೆಯ ಭಾಗ ಇನ್ನೂ ದೊಡ್ಡದು, ಅದರ ಶುರುವಿನ ಗುಹೆ ಮಾತ್ರ ಬೇಸರ ತರಿಸುತ್ತದೆ. ಮೊದಲನೆಯದು ಹಿಡಿಸಿದರೆ ತಾಳ್ಮೆ ತಾನಾಗಿಯೇ ಬರುತ್ತದೆ.

ಬಾಲ್ಡರ್ಸ್ ಗೇಟ್ 3 ಆಡಿ ಬಂದವರಿಗೆ ಒಂದು ಮಾತು. 1998ರ ಮೊದಲ ಬಾಲ್ಡರ್ಸ್ ಗೇಟ್‌ನಲ್ಲಿ ನಿಮ್ಮ ಮಾಂತ್ರಿಕನಿಗೆ ಶುರುವಿಗೆ ಜೀವದ ಅಂಕ ಹೆಚ್ಚೆಂದರೆ ಆರು. ಒಂದು ತೋಳ ಬಂದರೆ ಕಥೆ ಮುಗಿಯಿತು. ಅಂಕಗಳೂ ಉಲ್ಟಾ, ರಕ್ಷಾಕವಚದ ಸಂಖ್ಯೆ ಕಡಿಮೆ ಆದಷ್ಟೂ ಒಳ್ಳೆಯದು. ಹಾಗಾಗಿ 2000ದ ಎರಡನೇ ಭಾಗದಿಂದ ಶುರು ಮಾಡಿ. ಅಲ್ಲಿ ನಿಮ್ಮ ತಂಡಕ್ಕೆ ಆಗಲೇ ಸ್ವಲ್ಪ ಬಲ ಇರುತ್ತದೆ, ಸಂಗಾತಿಗಳಿಗೆ ಮಾತಿದೆ, ಜಗಳ ಇದೆ. ಮೊದಲನೆಯದನ್ನು ಬಿಟ್ಟರೂ ಕಥೆ ಅರ್ಥವಾಗುತ್ತದೆ.

1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಓದುವವರ ಆಟ. ಶವಾಗಾರದ ಕಲ್ಲಿನ ಮೇಲೆ ಎದ್ದು ಕೂರುವ ನಾಯಕ. ತಾನು ಯಾರು ಗೊತ್ತಿಲ್ಲ, ಸತ್ತರೂ ಸಾಯುವುದಿಲ್ಲ. ಇದರ ಕಾದಾಟ ಸಪ್ಪೆ, ಅದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ವಿವೇಕ, ಬುದ್ಧಿ, ವರ್ಚಸ್ಸು ಈ ಮೂರಕ್ಕೇ ಅಂಕ ಸುರಿಯಿರಿ. ಆಟದ ಒಳ್ಳೆಯ ಬಾಗಿಲುಗಳೆಲ್ಲ ಮಾತಿನಿಂದಲೇ ತೆರೆಯುತ್ತವೆ. ಪುಸ್ತಕ ಹಿಡಿದರೆ ಬಿಡದವರು ಇಲ್ಲಿ ನೀವಿದ್ದರೆ, ಇದನ್ನೇ ಮೊದಲು ಆಡಿದರೂ ಸರಿ.

ಮಾರೋವಿಂಡ್ 2002ರದ್ದು. ಇವತ್ತಿನ ಆಟಗಳಲ್ಲಿ ಹೋಗಬೇಕಾದ ಜಾಗಕ್ಕೆ ಪರದೆಯ ಮೇಲೆ ಬಾಣ ಇರುತ್ತದೆ, ನಾವು ಬಾಣ ನೋಡಿಕೊಂಡು ನಡೆಯುತ್ತೇವೆ. ಸುತ್ತ ಏನಿದೆ ಅಂತ ನೋಡುವುದೇ ಇಲ್ಲ, ಅಲ್ವಾ? ಮಾರೋವಿಂಡ್‌ನಲ್ಲಿ ಬಾಣ ಇಲ್ಲ. ಮೊದಮೊದಲ ಕೆಲಸಗಳಲ್ಲಿ ಒಂದು, ಪಾಳುಬಿದ್ದ ಕಟ್ಟಡದಿಂದ ಒಂದು ಚಿಕ್ಕ ಪೆಟ್ಟಿಗೆ ತರುವುದು. ಕೋಟೆಯ ಹತ್ತಿರ ಹೋಗು, ಹಳೆಯ ಸೇತುವೆ ಸಿಗುತ್ತದೆ, ದಾಟು ಅಂತ ದಾರಿಯನ್ನು ಬಾಯಲ್ಲೇ ಹೇಳುತ್ತಾರೆ. ನೀವು ಬೆಟ್ಟ ನೋಡುತ್ತೀರಿ, ತಪ್ಪು ಕಣಿವೆಗೆ ಇಳಿಯುತ್ತೀರಿ, ವಾಪಸ್ ಬರುತ್ತೀರಿ. ಕೆಲ ದಿನಗಳಲ್ಲಿ ಆ ದ್ವೀಪದ ದಾರಿಗಳು ನಿಮಗೆ ನಿಜವಾಗಿ ಗೊತ್ತಿರುತ್ತವೆ.

ಮಾರೋವಿಂಡ್ ಬಿಟ್ಟವರಲ್ಲಿ ಹೆಚ್ಚಿನವರು ಒಂದೇ ಕಾರಣ ಕೊಡುತ್ತಾರೆ. ‘ಕತ್ತಿ ಮೈಗೇ ತಾಗುತ್ತಿದೆ, ಆದರೂ ಏಟು ಬೀಳುತ್ತಿಲ್ಲ.’ ಏಟು ಬೀಳುತ್ತದೋ ಇಲ್ಲವೋ ಅನ್ನುವುದನ್ನು ಆಟ ಒಳಗೊಳಗೇ ದಾಳ ಉರುಳಿಸಿ ತೀರ್ಮಾನಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಕೌಶಲ ಇದೆ, ಆಯಾಸವೂ ಇದೆ. ಪರದೆಯ ಕೆಳಗಿರುವ ಹಸಿರು ಪಟ್ಟಿಯೇ ಆಯಾಸದ್ದು, ಓಡಿದರೆ ಖಾಲಿಯಾಗುತ್ತದೆ. ಹೊಸಬರು ಎಲ್ಲ ಕಡೆ ಓಡಿಕೊಂಡೇ ಹೋಗುತ್ತಾರೆ, ಏದುಸಿರು ಬಿಡುತ್ತ ಜಗಳಕ್ಕೆ ನಿಲ್ಲುತ್ತಾರೆ, ಒಂದೂ ಏಟು ಬೀಳುವುದಿಲ್ಲ. ಎರಡು ಕೆಲಸ ಮಾಡಿ. ಪಾತ್ರ ಮಾಡುವಾಗ ಒಂದು ಆಯುಧದ ಕೌಶಲವನ್ನು ಮುಖ್ಯ ಅಂತ ಆರಿಸಿ, ಅದೇ ಆಯುಧ ಹಿಡಿಯಿರಿ. ಶತ್ರು ಕಂಡರೆ ಓಡುವುದು ನಿಲ್ಲಿಸಿ, ಪಟ್ಟಿ ತುಂಬಲು ಬಿಡಿ. ಇಷ್ಟಕ್ಕೇ ಆಟ ಹಳಿಗೆ ಬರುತ್ತದೆ.

ಇನ್ನು ನನ್ನ ಮನಸ್ಸಿಗೆ ತೀರಾ ಹತ್ತಿರವಾದದ್ದು. 1985ರ ಅಲ್ಟಿಮಾ 4. ರಿಚರ್ಡ್ ಗ್ಯಾರಿಯಟ್ ಅವರದ್ದು. ಚಿತ್ರ ಅಂದರೆ ಚಿಕ್ಕ ಚೌಕಗಳು. ಒಂದೊಂದು ಕೆಲಸಕ್ಕೆ ಕೀಬೋರ್ಡಿನ ಒಂದೊಂದು ಅಕ್ಷರ. ಊರಿನವರ ಜೊತೆ ಮಾತಾಡಲು ಪದಗಳನ್ನು ಟೈಪ್ ಮಾಡಬೇಕು. ಕೈಗೆ ಕಷ್ಟ ಹೌದು. ಆದರೂ ಹೇಳುತ್ತಿದ್ದೇನೆ, ಕಾರಣ ಇದೆ.

ಈ ಆಟದಲ್ಲಿ ಖಳನಾಯಕನೇ ಇಲ್ಲ. ಕೊನೆಗೆ ಕೊಲ್ಲಬೇಕಾದ ರಾಕ್ಷಸ ಇಲ್ಲ. ನಾಡಿನಲ್ಲಿ ಶಾಂತಿ ನೆಲೆಸಿದೆ. ನೀವು ಮಾಡಬೇಕಾದ್ದು ಒಳ್ಳೆಯ ಮನುಷ್ಯರಾಗುವುದು. ಪ್ರಾಮಾಣಿಕತೆ, ಕರುಣೆ, ಧೈರ್ಯ, ನ್ಯಾಯ, ತ್ಯಾಗ, ಗೌರವ, ಆಧ್ಯಾತ್ಮ, ವಿನಯ ಹೀಗೆ ಎಂಟು ಗುಣಗಳಲ್ಲೂ ಪೂರ್ಣರಾಗಬೇಕು. ಆಟ ನಿಮ್ಮನ್ನು ಸದಾ ಗಮನಿಸುತ್ತಿರುತ್ತದೆ, ಆದರೆ ಅಂಕ ತೋರಿಸುವುದಿಲ್ಲ.

ಮಂತ್ರಕ್ಕೆ ಬೇಕಾದ ಬೇರು ಎಲೆಗಳನ್ನು ಮಾರುವ ಅಂಗಡಿಗೆ ಹೋಗುತ್ತೀರಿ. ಅಂಗಡಿಯಾಕೆಗೆ ಕಣ್ಣು ಕಾಣುವುದಿಲ್ಲ. ಇಷ್ಟು ಬೇಕು ಅಂತ ಹೇಳುತ್ತೀರಿ, ಬೆಲೆ ಇಷ್ಟಾಯಿತು ಅನ್ನುತ್ತಾಳೆ. ಆಮೇಲೆ ಎಷ್ಟು ನಾಣ್ಯ ಕೊಡುತ್ತೀರಿ ಅಂತ ನೀವೇ ಟೈಪ್ ಮಾಡಬೇಕು. ಅರವತ್ತು ಕೊಡಬೇಕಾದಲ್ಲಿ ಒಂದು ಅಂತ ಒತ್ತಿದರೂ ಆಕೆ ಸಾಮಾನು ಕೊಡುತ್ತಾಳೆ. ಗಂಟೆ ಬಾರಿಸುವುದಿಲ್ಲ, ಕಾವಲುಗಾರ ಬರುವುದಿಲ್ಲ. ಶುರುವಿನಲ್ಲಿ ದುಡ್ಡು ತುಂಬ ಕಡಿಮೆ ಇರುತ್ತದೆ, ಮಂತ್ರ ಇಲ್ಲದೆ ಬದುಕುವುದು ಕಷ್ಟ. ಮೋಸ ಮಾಡಿ ಬಹಳ ಹೊತ್ತಾದ ಮೇಲೆ ಅರಮನೆಯ ಜ್ಞಾನಿಯ ಬಳಿ ನಿಮ್ಮ ಪ್ರಾಮಾಣಿಕತೆ ಹೇಗಿದೆ ಅಂತ ಕೇಳಿದಾಗ ಆತ ನಿಮ್ಮ ಬಂಡವಾಳ ಬಿಚ್ಚಿಡುತ್ತಾನೆ. ಇವತ್ತಿನ ಎಷ್ಟೋ ಆಟಗಳಲ್ಲಿ ‘ಒಳ್ಳೆಯ ಉತ್ತರ’ಕ್ಕೆ ಒಂದು ಬಣ್ಣ, ‘ಕೆಟ್ಟ ಉತ್ತರ’ಕ್ಕೆ ಇನ್ನೊಂದು ಬಣ್ಣ ಹಚ್ಚಿರುತ್ತಾರೆ. ಯಾರೂ ನೋಡುತ್ತಿಲ್ಲ ಅಂದುಕೊಂಡಾಗ ನೀವು ಏನು ಮಾಡುತ್ತೀರಿ ಅನ್ನುವುದನ್ನು ಇಷ್ಟು ಸದ್ದಿಲ್ಲದೆ ಪರೀಕ್ಷಿಸಿದ ಇನ್ನೊಂದು ಆಟ ನನಗೆ ಸಿಕ್ಕಿಲ್ಲ. ಈ ಆಟ ಗಾಗ್ (GOG) ಅನ್ನುವ ಆನ್‌ಲೈನ್ ಅಂಗಡಿಯಲ್ಲಿ ಉಚಿತ. ಮೊದಲು ಅದರ ಜೊತೆ ಬರುವ ಪುಸ್ತಕ ಓದಿ.

ಪುಸ್ತಕದ ಮಾತು ಬಂತು, ಇದೂ ಮುಖ್ಯ. ಆ ಕಾಲದಲ್ಲಿ ಆಟದ ಅರ್ಧ ಪೆಟ್ಟಿಗೆಯೊಳಗಿನ ಕಾಗದದಲ್ಲಿ ಇರುತ್ತಿತ್ತು. ಡಿಸ್ಕಿನಲ್ಲಿ ಜಾಗ ಸಾಲುತ್ತಿರಲಿಲ್ಲ. 1988ರ ಪೂಲ್ ಆಫ್ ರೇಡಿಯನ್ಸ್ ಆಡುವಾಗ, ಇಷ್ಟನೇ ಸಂಖ್ಯೆಯ ಟಿಪ್ಪಣಿ ಓದು ಅಂತ ಪರದೆ ಹೇಳುತ್ತದೆ. ಪುಸ್ತಕ ತೆರೆದು ಓದಬೇಕು. ಮುಂದಿನದನ್ನು ಕದ್ದು ಓದುವವರನ್ನು ದಾರಿ ತಪ್ಪಿಸಲು ಅದರಲ್ಲಿ ಸುಳ್ಳು ಟಿಪ್ಪಣಿಗಳೂ ಇವೆ. ಈಗ ಕೊಂಡರೆ ಈ ಪುಸ್ತಕಗಳು ಪಿಡಿಎಫ್ ಆಗಿ ಜೊತೆಗೇ ಬರುತ್ತವೆ, ಯಾರೂ ತೆರೆಯುವುದಿಲ್ಲ. ‘ಆಟ ಏನೂ ಹೇಳಿಕೊಡುವುದಿಲ್ಲ’ ಅನ್ನುವ ದೂರಿಗೆ ಬಹಳ ಸಲ ಕಾರಣ ಇದೇ. ಆ ಪಿಡಿಎಫ್ ಓದಲು ಒಂದು ಸಂಜೆ ಮೀಸಲಿಡಿ.

ಸಮಯ ಆಗುತ್ತಿದೆ. ಇನ್ನು ಕೆಲವಕ್ಕೆ ಒಂದೊಂದು ಮಾತು. ಸ್ಟಾರ್‌ಕ್ರಾಫ್ಟ್ ಅನ್ನುವ ರಿಯಲ್‌ಟೈಮ್ ಸ್ಟ್ರಾಟೆಜಿ ಆಟ 2017ರಿಂದ ಉಚಿತ, ಆದರೆ ಒಂದು ಗುಂಪಿಗೆ 12 ಯೂನಿಟ್ ಮಾತ್ರ ಅನ್ನುವ ಹಳೆಯ ನಿಯಮ ಹಾಗೇ ಇದೆ. ಕೈ ಚುರುಕಿದ್ದವರಿಗೆ ಮಾತ್ರ. ಜ್ಯಾಗ್ಡ್ ಅಲಯನ್ಸ್ 2 ಎಕ್ಸ್-ಕಾಮ್ ಹಿಡಿಸಿದವರಿಗೆ. ಅದರ ಬಾಡಿಗೆ ಸೈನಿಕರಿಗೆ ಒಬ್ಬೊಬ್ಬರಿಗೂ ಒಂದು ಸ್ವಭಾವ ಇದೆ, ಒಬ್ಬ ಇದ್ದಲ್ಲಿ ಇನ್ನೊಬ್ಬ ಕೆಲಸಕ್ಕೆ ಬರುವುದಿಲ್ಲ ಅನ್ನುತ್ತಾನೆ. ಅಲ್ಟಿಮಾ 7ರಲ್ಲಿ ಊರಿನ ಪ್ರತಿಯೊಬ್ಬರಿಗೂ ದಿನಚರಿ ಇದೆ. ಬೆಳಗ್ಗೆ ಅಂಗಡಿ ತೆರೆಯುತ್ತಾರೆ, ರಾತ್ರಿ ಮನೆಗೆ ಹೋಗುತ್ತಾರೆ. ಹಿಟ್ಟು ನಾದಿ ನೀವೇ ಬ್ರೆಡ್ ಸುಡಬಹುದು. 1992ರಲ್ಲಿ!

ಪ್ರಶ್ನೋತ್ತರ

ಒಬ್ಬರು ಕೇಳಿದರು: ಸಿಕ್ಕಿಬಿದ್ದಾಗ ಇಂಟರ್ನೆಟ್‌ನಲ್ಲಿ ಉತ್ತರ ನೋಡಬಹುದಾ?

ಧಾರಾಳವಾಗಿ ನೋಡಿ. ಆದರೆ ಪ್ರಶ್ನೆ ನೋಡಿ ನಿರ್ಧರಿಸಿ. ‘ಈ ಬಟನ್ ಏನು ಮಾಡುತ್ತದೆ?’ ಅಂತಾದರೆ ಕೂಡಲೇ ನೋಡಿ, ಅದು ಕೈಯ ಕಷ್ಟ. ‘ಈ ಬಾಗಿಲು ಹೇಗೆ ತೆರೆಯಲಿ?’ ಅಂತಾದರೆ ಅವತ್ತಿಗೆ ನಿಲ್ಲಿಸಿ, ಮಲಗಿ. ಬೆಳಗ್ಗೆ ಎದ್ದಾಗ ಅರ್ಧ ಉತ್ತರ ಹೊಳೆದಿರುತ್ತದೆ. ಆಗಲೂ ಹೊಳೆಯದಿದ್ದರೆ ನೋಡಿ.

ಇನ್ನೊಬ್ಬರು: ವಿಝರ್ಡ್ರಿ ಆಡಬೇಕು ಅಂತಿದೆ, ಆದರೆ 1981ರದ್ದು. ಮ್ಯಾಪನ್ನು ಕೈಯಲ್ಲೇ ಬರೆಯಬೇಕಾ?

ಮೂಲ ಆಟದಲ್ಲಿ ಹೌದು. ನೆಲದಡಿಯ ಚಕ್ರವ್ಯೂಹದಲ್ಲಿ ತಿರುಗುವ ಆಟ ಅದು. ಹತ್ತು ಮಹಡಿ, ಒಂದೊಂದೂ ಅಗಲ ಉದ್ದ ಇಪ್ಪತ್ತಿಪ್ಪತ್ತು ಚೌಕ. ಗ್ರಾಫ್ ಕಾಗದದ ಮೇಲೆ ಬರೆಯುತ್ತಿದ್ದರು. ಡಿಜಿಟಲ್ ಎಕ್ಲಿಪ್ಸ್‌ನವರು 2024ರಲ್ಲಿ ಅದನ್ನು ಹೊಸ ಚಿತ್ರಗಳೊಂದಿಗೆ ತಂದಿದ್ದಾರೆ. ಒಳಗೆ ಹಳೆಯ ಆಪಲ್ 2 ಕಂಪ್ಯೂಟರಿನ ಆಟವೇ ಓಡುತ್ತದೆ. ಬೇಕಿದ್ದರೆ ಪರದೆಯ ಮೂಲೆಯಲ್ಲಿ ಆ ಹಳೆಯ ಚಿತ್ರವನ್ನೂ ನೋಡುತ್ತ ಆಡಬಹುದು. ಅದನ್ನೇ ಆಡಿ. ಆದರೆ ಮೊದಲ ಮಹಡಿಯ ಮ್ಯಾಪನ್ನಾದರೂ ಒಮ್ಮೆ ಕೈಯಲ್ಲಿ ಬರೆದು ನೋಡಿ. ಗೋಡೆಯೊಂದು ಕೂಡಬೇಕಾದಲ್ಲಿ ಕೂಡುವುದಿಲ್ಲ. ಅಲ್ಲೊಂದು ಗುಟ್ಟಿನ ಬಾಗಿಲು ಇರಬಹುದು ಅಂತ ಕಾಗದ ನೋಡಿಯೇ ಗೊತ್ತಾಗುತ್ತದೆ. ಆ ಖುಷಿ ತಾನಾಗಿ ಮೂಡುವ ಮ್ಯಾಪಿನಲ್ಲಿ ಸಿಗುವುದಿಲ್ಲ.

ಮಾರಾಟ ನಿಂತ ಆಟಗಳನ್ನು ಇಳಿಸಿಕೊಳ್ಳುವುದು ತಪ್ಪಾ ಅಂತ ಒಂದು ಪ್ರಶ್ನೆ ಬಂತು.

ಮಾರಾಟ ನಿಂತಿತು ಅಂದ ಮಾತ್ರಕ್ಕೆ ಹಕ್ಕುಸ್ವಾಮ್ಯ ಹೋಗುವುದಿಲ್ಲ. ಆದರೆ ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ಶೇ. 87ರಷ್ಟು ಈಗ ಮಾರಾಟದಲ್ಲೇ ಇಲ್ಲ ಅಂತ ಹಳೆಯ ಆಟಗಳನ್ನು ಉಳಿಸಲು ದುಡಿಯುವ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಇದು ದೊಡ್ಡ ನಷ್ಟ. ನಾನು ಇವತ್ತು ಆಡಿ ಅಂತ ಹೇಳಿದ ಆಟಗಳಿಗೆ ಮಾತ್ರ ಆ ತೊಂದರೆ ಇಲ್ಲ. ಕೆಲವು ಉಚಿತ, ಉಳಿದವು ಮಾರಾಟಕ್ಕಿವೆ. ಸಿಗುವುದನ್ನು ಕೊಂಡು ಆಡಿ.

ಕೊನೆಗೆ ಒಬ್ಬ ತಾಯಿ ಕೇಳಿದರು: ಮಗಳಿಗೆ ಹನ್ನೆರಡು ವರ್ಷ. ನಾವಿಬ್ಬರೂ ಜೊತೆಗೆ ಕೂತು ಆಡುವಂಥದ್ದು ಯಾವುದಮ್ಮ ಅಂತ ಕೇಳಿದರೆ ಏನು ಹೇಳಲಿ?

ಹೀರೋಸ್ ಆಫ್ ಮೈಟ್ ಅಂಡ್ ಮ್ಯಾಜಿಕ್ 3. 1999ರದ್ದು. ಒಂದೇ ಕಂಪ್ಯೂಟರಿನಲ್ಲಿ ಸರದಿ ಪ್ರಕಾರ ಆಡಬಹುದು. ನೀವು ನಿಮ್ಮ ದಿನ ಮುಗಿಸಿ ಎದ್ದರೆ ಮಗಳು ಕೂರುತ್ತಾಳೆ. ನಾಯಕ ದಿನಕ್ಕೆ ಇಷ್ಟೇ ದೂರ ನಡೆಯಬಹುದು. ಕೋಟೆಗೆ ಹೊಸ ಸೈನಿಕರು ವಾರಕ್ಕೊಮ್ಮೆ ಮಾತ್ರ ಬರುತ್ತಾರೆ. ಹಾಗಾಗಿ ಆರನೇ ದಿನ ಇಬ್ಬರಿಗೂ ಒಂದೇ ಯೋಚನೆ: ಈಗ ಮುನ್ನುಗ್ಗಲಾ, ವಾರ ತಿರುಗುವವರೆಗೆ ಕಾಯಲಾ? ಹತ್ತು ನಿಮಿಷದಲ್ಲಿ ಕಲಿಯಬಹುದು, ಚಿತ್ರಗಳು ಈಗಲೂ ಚೆಂದ. ಕೊಳ್ಳುವಾಗ ‘ಕಂಪ್ಲೀಟ್’ ಅಂತ ಇರುವುದನ್ನೇ ಕೊಳ್ಳಿ. 2015ರ ಎಚ್‌ಡಿ ಆವೃತ್ತಿ ನೋಡಲು ಹೊಸದು, ಆದರೆ ಅದರಲ್ಲಿ ಆಮೇಲೆ ಬಂದ ಎರಡು ವಿಸ್ತರಣೆಗಳು ಇಲ್ಲ. ಅದು ಹಿಡಿಸಿದ ಮೇಲೆ ಏಜ್ ಆಫ್ ಎಂಪೈರ್ಸ್ 2ರ 2019ರ ಡೆಫಿನಿಟಿವ್ ಆವೃತ್ತಿ ತನ್ನಿ. ಅದಕ್ಕೆ ಎರಡು ಕಂಪ್ಯೂಟರ್ ಬೇಕು. 2022ರ ವಿಸ್ತರಣೆಯಲ್ಲಿ ರಾಜೇಂದ್ರ ಚೋಳನ ದಂಡಯಾತ್ರೆಯೂ ಇದೆ, ಮಗಳಿಗೆ ಅದರಿಂದ ಶುರು ಮಾಡಿಸಿ. ಮೊದಮೊದಲು ಎದುರಾಳಿಗಳಾಗಬೇಡಿ. ಇಬ್ಬರೂ ಒಂದು ಕಡೆ ಇರಿ, ಕಂಪ್ಯೂಟರ್ ಇನ್ನೊಂದು ಕಡೆ ಇರಲಿ.